ಮುಂದೆ ಬರುವುದೂ ಮುಂದೆ ಹೋಗುವುದೂ

ಕಳೆದ ಮಳೆಗಾಲದ ಕೊನೆಯಲ್ಲಿ ಕಡಬದ ಸಮೀಪದ ಒಂದು ಮನೆಯಲ್ಲಿ ಎರಡು ದಿನ ಅತಿಥಿಗಳಾಗಿರುವ ಸಂದರ್ಭವು ನಮಗೊದಗಿತ್ತು. ಆ ಮನೆಯ ಹುಡುಗಿ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುವವಳು. ಅವಳು ತಂದ ಪ್ರೋಗ್ರೆಸ್ ಕಾರ್ಡಿನ ಅಡಿಯಲ್ಲಿ ಅಧ್ಯಾಪಕಿಯವರು ಕೆಂಪು ಶಾಯಿಯಿಂದ ‘ಕೀಪ್ ಇಟ್ ಅಪ್’ ಎಂದು ಬರೆದಿದ್ದರು. ತಾಯಿತಂದೆಗಳು ಪುತ್ತೂರಿಗೆ ಹೋಗಿದ್ದ ಹೊತ್ತು. ಅಜ್ಜಿಯವರು ಕಾರ್ಡನ್ನು ಕೈಗೆತ್ತಿಕೊಂಡು, “ಇದರಲ್ಲಿ ಏನು ಬರೆದಿದ್ದಾರೆ ಮಗಾ?” ಎಂದು ಕೇಳಿದರು. (ಮನೆಮಾತು ತುಳು, ನಾವಿಲ್ಲಿ ಕನ್ನಡಿಸಿದ್ದೇವೆ.) ಹುಡುಗಿ ಪದಕ್ಕೆ ಪದ ಅರ್ಥ ಹಚ್ಚಿ, “ಇದನ್ನು ಮೇಲೆ ಇಡು ಅಂತ ಬರೆದಿದ್ದಾರೆ ಅಜ್ಜಿ” ಎಂದಳು. ಟೀಚರರ ಅಪ್ಪಣೆಯೆಂದ ಮೇಲೆ ಮೀರುವುದೆಂತು? ಅಜ್ಜಿಯವರು ಅದನ್ನು ಅಟ್ಟದ ಮೇಲೆ ಅಡಕೆಯ ಗೋಣಿಯ ಪಕ್ಕದಲ್ಲಿ ಭದ್ರವಾಗಿ ಇರಿಸಿಬಿಟ್ಟರು. ಮರುದಿನ ಬೆಳಿಗ್ಗೆ ತಂದೆಯ ಸಹಿಗಾಗಿ ಅದನ್ನು ಹುಡುಕುವುದರಲ್ಲಿ ಇಡೀ ಮನೆಯೇ ತಲೆಕೆಳಗಾಯಿತು.

ನಕ್ಕು ಮುಗಿದ ಮೇಲೆ ಹುಡುಗಿ ಇನ್ನೊಂದು ಮಾತನ್ನು ಹೊರಗೆಡಹಿದಳು. ಹಿಂದಿನ ವರ್ಷದ ಟೀಚರು ತನಗೆ ‘ಗೋ ಅಹೆಡ್’ ಎನ್ನುತ್ತಿದ್ದರು, ಹಾಗೆಂದರೆ ‘ಮುಂದೆ ಹೋಗು’ ಎಂದಳು. ಈ ಸಲ ಅಜ್ಜಿಯವರಿಗೆ ನಗು ಬರಲಿಲ್ಲ. “ಭಿಕ್ಷೆಗೆ ಬಂದವನಿಗೆ ಹೇಳುವ ಮಾತನ್ನು ಮಗುವಿಗೆ ಹೇಳುವುದೇ?” ಎಂದು ಅವರು ಬಹಳ ನೊಂದುಕೊಂಡರು.

ಅವರ ಆಕ್ಷೇಪವನ್ನು ನಾವು ಅಂದಿನಿಂದ ಮನಸ್ಸಿನಲ್ಲಿ ಮಥಿಸುತ್ತಲೇ ಇದ್ದೇವೆ. ಯೋಚಿಸಿದಷ್ಟೂ ಅದರಲ್ಲಿ ತಥ್ಯವಿದೆಯೆಂದು ತೋರುತ್ತದೆ. ಕೈಯಲ್ಲಿ ಚಿಲ್ಲರೆಯಿಲ್ಲದಾಗ ಬಾಗಿಲಿಗೆ ಬಂದವನಿಗೆ ನಾವು ‘ಮುಂದೆ ಹೋಗಪ್ಪ’ ಎನ್ನುವುದು ನಿಜ. ಬದುಕಿನಲ್ಲಿ ಏಳಿಗೆ ಹೊಂದಿದವನನ್ನು ಕುರಿತಾದರೋ ಕನ್ನಡದಲ್ಲಿ ‘ಮುಂದೆ ಬಂದ’, ‘ಮೇಲೆ ಬಂದ’ ಎನ್ನುತ್ತೇವೆಯೇ ಹೊರತು ‘ಮುಂದೆ ಹೋದ’ ಎನ್ನುವುದಿಲ್ಲ. ಹಿರಿಯರು ಹರಸುವುದೂ ‘ಚೆನ್ನಾಗಿ ಓದಿ ಮುಂದೆ ಬಾ’ ಎಂದೇ. ಇಂಗ್ಲಿಷಿನವರಾದರೆ ಬುದ್ಧಿವಂತ ಹುಡುಗನನ್ನು ಕಂಡು ‘ಇವನು ಬಹುದೂರ ಹೋಗುವನು’ ಎಂದು ಮೆಚ್ಚುತ್ತಾರೆ. ನಮ್ಮ ಮನೆಗಳಲ್ಲಿ ಅದನ್ನೇ ಕನ್ನಡದಲ್ಲಿ ನುಡಿದರೆ ತಾಯಿಯ ಎದೆ ಝಲ್ಲೆನ್ನುವುದು. ಸಂತೆಗೆ ಹೊರಟವನೂ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಾಡು ನಮ್ಮದು; ತುಳುವಿನಲ್ಲಿಯೂ ‘ಪೋದು ಬರ್ಪೆ’ ಎಂದೇ ಹೇಳತಕ್ಕದ್ದು.

ಇಂಗ್ಲಿಷಿನಲ್ಲಿ ‘ಬರುವ’ ನುಡಿಗಟ್ಟುಗಳೇ ಇಲ್ಲವೆಂದು ನಮ್ಮ ವಾದವಲ್ಲ. ಬಹಳ ದೂರ ನಡೆದು ಬಂದೆವೆಂಬ ಅರ್ಥದ ಮಾತು ಅವರಲ್ಲಿಯೂ ಇದೆ. ನಾವೂ ಸಂಸಾರವನ್ನು ‘ನಡೆಸಿಕೊಂಡು ಹೋಗು’ ಎನ್ನುತ್ತೇವೆ. ಆದರೂ ಒಟ್ಟಿನಲ್ಲಿ ಅವರ ಪದಗಳಿಗೆ ಕಾಲು ಹೆಚ್ಚು, ನಮ್ಮವುಗಳಿಗೆ ಬೇರು ಹೆಚ್ಚು ಎಂದರೆ ಅತಿಶಯೋಕ್ತಿಯಾಗಲಾರದು. ‘ಪ್ರೋಗ್ರೆಸ್’ ಎಂಬುದು ಲ್ಯಾಟಿನ್ ಮೂಲದ್ದು. ಮುಂದಕ್ಕೆ ಹೆಜ್ಜೆಯಿಡುವುದೆಂದು ಅದರ ಅರ್ಥ. ‘ಹೆಡ್‌ವೇ’ ಎಂಬುದು ಹಡಗಿನವರ ಮಾತು, ನೀರನ್ನು ಸೀಳಿಕೊಂಡು ಹಡಗು ಮುಂದಕ್ಕೆ ಸರಿಯುವುದು. ‘ಕೆರಿಯರ್’ ಎಂದರೆ ಮೊದಲು ಗಾಡಿ ಓಡುವ ದಾರಿ, ಪಂದ್ಯದ ಓಟದ ಹಾದಿ. ನಾವು ಬುತ್ತಿ ಒಯ್ಯುವ ಕ್ಯಾರಿಯರು ಕೂಡ ಗಾಡಿಯೆಂಬ ಅದೇ ಲ್ಯಾಟಿನ್ ಪದದ ಸಂತಾನವೆಂದು ತಿಳಿದಾಗ ನಮಗೆ ಬಹಳ ಸಂತೋಷವಾಯಿತು. ಮಕ್ಕಳ ಕೆರಿಯರಿನ ಹಿಂದೆ ತಾಯಂದಿರ ಕ್ಯಾರಿಯರು ಇದ್ದೇ ಇರುತ್ತದಲ್ಲವೆ! ‘ಡೆವಲಪ್‌ಮೆಂಟ್’ ಮಾತ್ರ ನಡೆಯುವ ಪದವಲ್ಲ: ಸುತ್ತಿಟ್ಟುದನ್ನು ಬಿಚ್ಚುವುದೆಂದು ಅದರ ಮೂಲಾರ್ಥ.

ನಮ್ಮ ಕಡೆಯ ಪದಗಳನ್ನು ನೋಡಿರಿ. ಏಳಿಗೆಯೆಂದರೆ ಏಳುವುದು. ಅಭಿವೃದ್ಧಿಯೆಂದರೆ ಬೆಳೆಯುವುದು. ಉದ್ಧಾರವೆಂದರೆ ಮೇಲಕ್ಕೆತ್ತುವುದು. ಅಡಕೆಯ ಮರವು ನೆಟ್ಟ ಗುಂಡಿಯನ್ನು ಬಿಟ್ಟು ಒಂದು ಅಂಗುಲವೂ ಆಚೆ ಸರಿಯದೆ ಉಪ್ಪರಿಗೆಗಿಂತ ಎತ್ತರಕ್ಕೆ ಏರುವುದನ್ನು ಪುತ್ತೂರು ಸುಳ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಸಾಗು’ ಎಂಬ ಪದಕ್ಕೆ ಮುಂದುವರಿಯುವುದೆಂದು ಅರ್ಥ. ಆದರೆ ಅದರಿಂದ ಹುಟ್ಟಿದ ‘ಸಾಗುವಳಿ’ಯೆಂದರೆ ನಿಂತ ನೆಲದಲ್ಲಿಯೇ ಬೇಸಾಯ ಮಾಡುವುದು! ‘ಪ್ರಗತಿ’ಯೊಂದು ಇಂಗ್ಲಿಷ್ ಪದಕ್ಕೆ ಸರಿಸಮನಾಗಿ ನಡೆಯತಕ್ಕದ್ದು, ನಿಜ, ಆದರೆ ಅದು ಅಡಿಗೆಮನೆಯವರೆಗೆ ಬಂದಿಲ್ಲ, ಸಭೆಯ ಆಮಂತ್ರಣ ಪತ್ರಿಕೆಯಲ್ಲಿಯೇ ನಿಂತಿದೆ. ಅಲ್ಲಿ ನಮ್ಮ ಸೀಮೆಯ ತೋಟಗಾರರೆಲ್ಲರೂ ‘ಪ್ರಗತಿಪರ ಕೃಷಿಕರು’.

ತುಳುವರ ‘ದುಂಬು’ ಎಂಬ ಪದವಂತೂ ಇನ್ನೂ ಸ್ವಾರಸ್ಯದ್ದು. ದುಂಬು ಎಂದರೆ ಮುಂದೆ. ದುಂಬುದ ಕಾಲವೆಂದರೆ ಅಜ್ಜಂದಿರ ಕಾಲ. ನಮ್ಮ ‘ಮುನ್ನ’ವೂ ಗತಕಾಲವೇ, ‘ಮುಂದೆ’ಯೋ ಬರುವ ಕಾಲ. ಇಂಗ್ಲಿಷಿನಲ್ಲಿಯೂ ಪೂರ್ವಜರನ್ನು ಹೇಳುವ ‘ಫೋರ್‌ಫಾದರ್ಸ್’ ಎಂಬುದರಲ್ಲಿಯೂ ‘ಫಾರ್ವರ್ಡ್’ ಎಂಬುದರಲ್ಲಿಯೂ ಇರುವ ಮೊದಲ ಪದ ಒಂದೇ. (ಈಗ ಫೋನಿನಲ್ಲಿ ‘ಫಾರ್ವರ್ಡ್’ ಮಾಡುವುದರಿಂದ ಯಾರು ಮುಂದುವರಿದರೋ ನಾವು ಕಾಣೆವು.)

ಈ ಪದವಿಚಾರದಿಂದ ಮನೆಯವರಿಗೆ ಏನಾಗಬೇಕೆಂದು ವಾಚಕರು ಕೇಳಬಹುದು. 1979ರಲ್ಲಿ ತೆರೆದ ಮಂಗಳೂರು–ಹಾಸನ ರೈಲುದಾರಿಯಲ್ಲಿ ಗಾಡಿಯು ಪುತ್ತೂರನ್ನು ಮುಟ್ಟಿ ಸುಬ್ರಹ್ಮಣ್ಯ ರಸ್ತೆಯ ಮೇಲೆ ಘಟ್ಟವೇರುತ್ತದೆ. ಸುಳ್ಯದಿಂದ ರಾತ್ರಿಯ ಬಸ್ಸುಗಳು ಸಂಪಾಜೆಯ ತಿರುವುಗಳನ್ನು ಸುತ್ತಿ ಬೆಂಗಳೂರು ಸೇರುತ್ತವೆ. ಅವುಗಳಲ್ಲಿ ಹತ್ತಿ ಹೋದ ಮಕ್ಕಳ ವಿಷಯವಾಗಿ ಮನೆಯವರು ‘ಅವನು ಸೆಟಲ್ ಆದ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ‘ಸೆಟಲ್’ ಎಂಬುದು ಪೀಠಕ್ಕೆ ಸಂಬಂಧಿಸಿದ ಪದ. ಕುಳಿತುಬಿಟ್ಟನೆಂದು ಅದರ ಭಾವ. ಇಷ್ಟೆಲ್ಲ ಮುಂದೆ ನಡೆದುದು ಕೊನೆಗೆ ಬೇರೆ ಊರಿನಲ್ಲಿ ಕುಳಿತುಕೊಳ್ಳುವುದಕ್ಕೆ! ಹೋಗಬಾರದೆಂದು ನಾವು ಹೇಳುವವರಲ್ಲ; ಹೊಟ್ಟೆಪಾಡು, ವಿದ್ಯೆ, ಆಸೆಗಳು ಎಲ್ಲರಿಗೂ ಉಂಟು. ಅಡಕೆಯ ಬೆಲೆ ಕುಸಿದ ವರ್ಷಗಳಲ್ಲಿ ಬೆಂಗಳೂರಿನ ಮಗನ ಹಣದಿಂದಲೇ ತೋಟ ಉಳಿದ ಮನೆಗಳನ್ನು ಬಲ್ಲೆವು. ಆದರೆ ‘ಮುಂದೆ ಬಾ’ ಎಂಬ ಹರಕೆಯ ಜಾಗದಲ್ಲಿ ‘ಗೋ ಅಹೆಡ್’ ಕುಳಿತ ಮೇಲೆ, ಊರಿನಲ್ಲಿ ಉಳಿದು ತೋಟ ನೋಡಿಕೊಳ್ಳುವ ಮಗನು ತಾನು ಹಿಂದೆ ಬಿದ್ದವನೆಂದು ತಾನಾಗಿಯೇ ನಂಬತೊಡಗುತ್ತಾನೆ. ಇದು ಮಾತ್ರ ನಮಗೆ ದುಃಖವನ್ನುಂಟುಮಾಡುತ್ತದೆ.

ಈ ವ್ಯಥೆ ಇಂದಿನದೆಂದು ತಿಳಿಯಬೇಡಿರಿ. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು 1943ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯ, ಪಂಜಗಳ ಕಡೆಯ ಕಾಡನ್ನೇ ಚಿತ್ರಿಸಿದರು. ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯನವರೂ ಶಂಕರಮ್ಮನವರೂ ಮನೆಬಿಟ್ಟು ಹೋದ ಮಗ ಶಂಭುವಿನ ದಾರಿಯನ್ನು ಕಾಯುತ್ತಿರುವ ಕಥೆಯದು. ಅದನ್ನು ಓದಿದವರು ನಮ್ಮ ಅಜ್ಜಿಯ ಕೋಪವನ್ನು ಅರ್ಥಮಾಡಿಕೊಂಡಾರು.

ಇನ್ನು ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವ ಬಗೆ. ಪದವನ್ನು ಮುರಿದು ಮುರಿದು ಅರ್ಥ ಹೇಳಿಸಬೇಡಿರಿ. ಕಿಟ್ಟೆಲ್ ಪಾದ್ರಿಯವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳನ್ನೂ ಸೇರಿಸಿದ್ದಾರೆ; ಬಳಕೆಯಿಲ್ಲದೆ ಪದದ ಅರ್ಥವು ಕೈಗೆ ಸಿಕ್ಕುವುದಿಲ್ಲ. ಅಂತಹ ಸಮಯದಲ್ಲಿ ನಮ್ಮ ಮನೆಯಲ್ಲಿ ಏನನ್ನುತ್ತೇವೆಂದು ಮಗುವನ್ನೇ ಕೇಳಿರಿ. ‘ಕೀಪ್ ಇಟ್ ಅಪ್’ ಎಂದರೆ ‘ಹೀಗೆಯೇ ಮಾಡುತ್ತಿರು’. ‘ಗೋ ಅಹೆಡ್’ ಎಂದರೆ ‘ಆಗಲಿ, ಮಾಡು’. ಈಗ ಎಲ್ಲರ ಬಾಯಲ್ಲಿಯೂ ಇರುವ ‘ಮೂವ್ ಆನ್’ ಎಂಬುದನ್ನು ದುಃಖದಲ್ಲಿರುವವರಿಗೆ ‘ಮುಂದೆ ಸಾಗು’ ಎಂದು ಕನ್ನಡಿಸಿದರೆ ದೂಡಿದಂತಾಗುತ್ತದೆ. ‘ಆದದ್ದು ಆಯಿತು, ಮುಂದಿನದನ್ನು ನೋಡೋಣ’ ಎಂಬ ಮಾತು ನಮ್ಮಲ್ಲಿಯೇ ಇದೆಯಷ್ಟೆ. ಅದರಲ್ಲಿ ಹೇಳುವವನೂ ಜೊತೆಗೂಡುತ್ತಾನೆ.

ನಾವು ಹೊರಡುವ ದಿನ ಅಜ್ಜಿಯವರು ಬೆಂಗಳೂರಿನಲ್ಲಿರುವ ಕಿರಿಯ ಮಗನ ಮಾತೆತ್ತಿದರು. ಮೊದಲು ಒಂದು ವರ್ಷಕ್ಕೆಂದು ಹೋದವನು. ಈಗ ಹನ್ನೆರಡು ವರ್ಷಗಳಾದುವಂತೆ. “ಒಳ್ಳೆ ಮುಂದೆ ಬಂದಿದ್ದಾನೆ” ಎಂದು ಹೇಳಿ, ಸ್ವಲ್ಪ ತಡೆದು, “ಇಲ್ಲಿಗೆ ಬರುವುದೇ ಕಡಿಮೆ” ಎಂದರು. ಹುಡುಗಿಯ ಕಾರ್ಡು ಸಹಿಯಾಗಿ ಶಾಲೆಗೆ ಮರಳಿತು. ಅದರ ಮೂಲೆಗೆ ಅಟ್ಟದ ಮಸಿ ಹತ್ತಿತ್ತಾದ ಕಾರಣ ಅಧ್ಯಾಪಕಿಯವರು ಕಾರಣವನ್ನು ವಿಚಾರಿಸಿದರಂತೆ. ಅವಳು ಇಂಗ್ಲಿಷಿನಲ್ಲಿ ಏನೆಂದು ಉತ್ತರ ಕೊಟ್ಟಳೋ ನಮಗಿನ್ನೂ ತಿಳಿದುಬಂದಿಲ್ಲ.