ಧ್ವನಿ ಮಾಧುರ್ಯಕ್ಕೆ ಹತ್ತು ಅಂಕ

ಹೋದ ವರ್ಷ ಸೊರಬದಲ್ಲಿ ನಡೆದ ಒಂದು ವಚನ ಗಾಯನ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ನಾನು ಸಂಗೀತ ಕಲಿತವಳಲ್ಲ ಎಂದರೂ ಬಿಡಲಿಲ್ಲ. "ನೀವು ತುಂಬಾ ಸಂಗೀತ ಕೇಳ್ತೀರಂತಲ್ಲ ಮೇಡಂ, ಅಷ್ಟು ಸಾಕು" ಎಂದರು. ಹೊಗಳಿಕೆಗೆ ಸೋತು ಶಿಕಾರಿಪುರದಿಂದ ಬೆಳಗಿನ ಬಸ್ಸು ಹಿಡಿದೆ.

ಹದಿನಾಲ್ಕು ಹುಡುಗಿಯರು ಹಾಡಿದರು. ಅವರಲ್ಲಿ ಒಂಬತ್ತು ಮಂದಿ ಆರಿಸಿಕೊಂಡದ್ದು ಅಕ್ಕಮಹಾದೇವಿ ತಾನು ಕಂಡ ಕನಸನ್ನು ಹೇಳಿಕೊಳ್ಳುವ ವಚನವನ್ನೇ. ಎಂಟು ಮಂದಿಯದು ಒಂದೇ ಧಾಟಿ. ಒಂದೇ ಕಡೆ ಉಸಿರು ತೆಗೆದುಕೊಂಡರು, ಒಂದೇ ಕಡೆ ಸ್ವರ ಜಾರಿಸಿದರು. ಎಲ್ಲರೂ ಮೊಬೈಲಿನಲ್ಲಿ ಒಬ್ಬಳೇ ಗಾಯಕಿಯನ್ನು ಕೇಳಿ ಬಾಯಿಪಾಠ ಮಾಡಿದ್ದರು. ಒಂಬತ್ತನೆಯವಳದು ದಪ್ಪ ದನಿ. ಶ್ರುತಿ ಕೆಳಗೆ ಹಿಡಿದು, ಅವಸರವಿಲ್ಲದೆ, ತಾನೇ ಕನಸು ಕಂಡವಳ ಹಾಗೆ ಹಾಡಿದಳು. ಪಕ್ಕದಲ್ಲಿ ಕೂತ ತೀರ್ಪುಗಾರರು "ಗಂಡು ಧ್ವನಿ" ಎಂದು ಪಿಸುಗುಟ್ಟಿದರು. ನಾನು ತಲೆಯಾಡಿಸಿದೆ. ಅಂಕಪಟ್ಟಿಯಲ್ಲಿ ಸಾಹಿತ್ಯ, ಶ್ರುತಿ, ತಾಳ, ಧ್ವನಿ ಮಾಧುರ್ಯ ಎಂದು ನಾಲ್ಕು ಕಾಲಂಗಳಿದ್ದವು. ತಲಾ ಹತ್ತು ಅಂಕ. ಕೊನೆಯ ಕಾಲಮ್ಮಿನಲ್ಲಿ ನಾನು ಅವಳಿಗೆ ಕೊಟ್ಟದ್ದು ಮೂರು.

ಬಹುಮಾನ ಹಂಚಿದ ಮೇಲೆ ಆ ಹುಡುಗಿ ಹತ್ತಿರ ಬಂದು, "ನನ್ನ ತಪ್ಪು ಎಲ್ಲಾಯ್ತು ಮೇಡಂ?" ಎಂದು ಕೇಳಿದಳು. "ತಪ್ಪೇನಿಲ್ಲ ಮರಿ, ಧ್ವನಿ ಸ್ವಲ್ಪ ನಯ ಮಾಡ್ಕೊ" ಎಂದೆ. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ಇದು! ಬಸ್ಸು ಶಿರಾಳಕೊಪ್ಪ ದಾಟುವಾಗ, ಅಕ್ಕ ಹುಟ್ಟಿದ ಉಡುತಡಿ ಇಲ್ಲೇ ನಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ ಎಂಬುದು ನೆನಪಾಯಿತು. ಅಕ್ಕನ ದನಿ ಹೇಗಿತ್ತೆಂದು ಯಾರೂ ಬರೆದಿಟ್ಟಿಲ್ಲ. ತೆಳುವಾಗಿಯೇ ಇತ್ತೆಂದು ನಮಗೆ ಹೇಳಿದವರಾರು?

ಆ ರಾತ್ರಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅದೇ ವಚನವನ್ನು ಹಾಕಿ ಕೇಳಿದೆ. ಮನ್ಸೂರರ ದನಿಗೆ ನಯವೆಂದು ಯಾರೂ ಹೆಸರಿಡಲಾರರು. ಅವರು 1992ರಲ್ಲಿ ತೀರಿಕೊಂಡರು, ಇವತ್ತಿಗೂ ಅದನ್ನು ಕೇಳಿ ಕಣ್ಣು ಒರೆಸಿಕೊಳ್ಳುವವರಿದ್ದಾರೆ. ಹೆಣ್ಣಿನ ಕನಸನ್ನು ಗಂಡಸು ಗಂಡು ದನಿಯಲ್ಲಿ ಹೇಳಿದರೆ ನಮಗೆ ಅಡ್ಡಿಯಿಲ್ಲ. ಅದೇ ಕನಸನ್ನು ಹುಡುಗಿಯೊಬ್ಬಳು ದಪ್ಪ ದನಿಯಲ್ಲಿ ಹೇಳಿದರೆ ಏಳು ಅಂಕ ಕಡಿಯುತ್ತೇವೆ. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ.

ಆಮೇಲೆ ಗಂಗೂಬಾಯಿ ಹಾನಗಲ್ಲರನ್ನು ಕೇಳಿದೆ. ಒಂದಲ್ಲ, ಎರಡು ಕಾಲದ ಗಂಗೂಬಾಯಿಯನ್ನು. 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಅವರು ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ್ದಾರೆ. ಅಲ್ಲಿರುವುದು ತೆಳುವಾದ, ಮೇಲೆ ಹಾರುವ ದನಿ. ಮುಂದೆ ಗಂಟಲಿನ ತೊಂದರೆಯಾಗಿ ಶಸ್ತ್ರಚಿಕಿತ್ಸೆಯಾಯಿತು, ದನಿ ಇಳಿದು ಅಗಲವಾಯಿತು. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಹೆಸರು ಗೊತ್ತಿಲ್ಲದವರು ಇಬ್ಬರು ಹಾಡುಗಾರರೆಂದೇ ತಿಳಿದಾರು. ನಮ್ಮ ಅಂಕಪಟ್ಟಿ ಹಿಡಿದರೆ ಗಾಂಧಾರಿಗೆ ಒಂಬತ್ತು, ಗಂಗೂಬಾಯಿಗೆ ಮೂರು. ಆದರೆ ನಾಡು ತಲೆಬಾಗಿದ್ದು ಆ ಎರಡನೆಯ ದನಿಗೆ. 2002ರಲ್ಲಿ ಪದ್ಮವಿಭೂಷಣ ಬಂದದ್ದೂ ಆ ದನಿಗೇ. ಗಂಟಲು ಬದಲಾದಾಗ "ಧ್ವನಿ ನಯ ಮಾಡ್ಕೊ" ಎಂಬ ಮಾತಿಗೆ ಅವರು ಬಾಯಿ ಮುಚ್ಚಿಕೊಂಡಿದ್ದರೆ ನಮಗೆ ಏನು ಉಳಿಯುತ್ತಿತ್ತು?

ಹೋಲಿಸುವಾಗ ನ್ಯಾಯ ಬೇಕು, ನಿಜ. ಹಳೆಯ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು. ಅದನ್ನು ಮುಂದಿನ ಕಾಲದ ಪೂರ್ಣ ಕಚೇರಿಯ ಪಕ್ಕ ಇಟ್ಟು ತೂಗಬಾರದು. ತಟ್ಟೆ ತಿರುಗುವ ವೇಗ ಹೆಚ್ಚಾದರೆ ಶ್ರುತಿಯೂ ಏರಿ, ದನಿ ಇದ್ದದ್ದಕ್ಕಿಂತ ತೆಳುವಾಗಿ ಕೇಳುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ವ್ಯತ್ಯಾಸ ಉಳಿಯುತ್ತದೆ. ಆ ಉಳಿದದ್ದನ್ನು ಕಿವಿಗೊಟ್ಟು ಕೇಳಬೇಕು.

"ದೊಡ್ಡವರನ್ನು ಹೋಲಿಸಬಾರದು, ಅದು ಅಪಚಾರ" ಎನ್ನುವವರಿದ್ದಾರೆ. ಹಾಗೆನ್ನುವವರೇ ಜಗಲಿಯ ಮೇಲೆ ಕೂತು ಭೀಮಸೇನರು ದೊಡ್ಡವರೋ ಮನ್ಸೂರರು ದೊಡ್ಡವರೋ ಎಂದು ಕುಸ್ತಿ ಪಂದ್ಯದ ಹಾಗೆ ವಾದ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪನ ಸ್ನೇಹಿತರ ಗುಂಪು ಅದು. ಒಳಗೆ ಅಮ್ಮ ಧಾರವಾಡ ಆಕಾಶವಾಣಿ ಹಾಕಿಕೊಂಡು ದೋಸೆ ಹುಯ್ಯುತ್ತಿದ್ದಳು. ಮೊದಲ ಆಲಾಪಕ್ಕೇ ಇದು ರಾಜಗುರುಗಳು, ಇದು ಮನ್ಸೂರರು ಎಂದು ಗುರುತಿಸುತ್ತಿದ್ದಳು. ಒಂದು ದಿನ ಕಾಫಿ ಕೊಡಲು ಹೋದವಳು, "ಭೀಮಸೇನರದ್ದು ಆಷಾಢದ ಮಳೆ, ಗಂಗೂಬಾಯಿಯವರದ್ದು ಬಾವಿಯ ಒರತೆ. ನೀರೇನೋ ಒಂದೇ" ಎಂದಳು. "ನಿಮಗೂ ಗೊತ್ತಾಗುತ್ತಾ ಅಕ್ಕಾ?" ಎಂದು ಅವರೆಲ್ಲ ನಕ್ಕರು. ಅಮ್ಮ ಲೋಟ ತೆಗೆದುಕೊಂಡು ಒಳಗೆ ಬಂದಳು. ಅಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ಅಮ್ಮನ ಮಾತು ಎಷ್ಟು ಸರಿಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಇಬ್ಬರ ಪೂರಿಯಾ ರಾಗವನ್ನೂ ಒಂದೇ ಸಂಜೆ ಕೇಳಿ ನೋಡಿ. ಭೀಮಸೇನರ ತಾನಗಳು ಹೆಂಚಿನ ಮೇಲೆ ಬಡಿಯುವ ಮಳೆಯ ಹಾಗೆ ಸುರಿಯುತ್ತವೆ. ಗಂಗೂಬಾಯಿ ಗಾಂಧಾರದ ಮೇಲೆ ಕಾಲೂರಿ ನಿಂತರೆ ಕದಲುವುದೇ ಇಲ್ಲ. ಗುರು ಒಬ್ಬರೇ, ರಾಗ ಒಂದೇ, ಆದರೂ ದಾರಿ ಎರಡು. ಯಾರು ಮೇಲು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೋಲಿಸುವುದು ಸ್ಥಾನ ಹಂಚುವುದಕ್ಕಲ್ಲ. ಒಂದು ಹಾಡಿಗೆ ಒಂದೇ ದನಿ ಎಂಬ ಮೂಢನಂಬಿಕೆ ಬಿಡಿಸಿಕೊಳ್ಳುವುದಕ್ಕೆ.

ಭೀಮಸೇನರ ಬಾಲ್ಯದ ಕಥೆ ನಿಮಗೂ ಗೊತ್ತಿರಬಹುದು. ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿಯ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಚಂದದ ಕಥೆ, ನಾನೂ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗಲೆಲ್ಲ, ಅದೇ ತಟ್ಟೆಯನ್ನು ಅದೇ ಬೀದಿಯಲ್ಲಿ ಒಬ್ಬ ಹನ್ನೊಂದು ವರ್ಷದ ಹುಡುಗಿ ಕೇಳಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸುತ್ತೇನೆ. ಕೊಡ ತುಂಬಿಕೊಂಡು ಮನೆಗೆ ಬರುತ್ತಿದ್ದಳು, ಅಷ್ಟೇ. ಆದರೆ ಕಿವಿಯಲ್ಲಿ ತುಂಬಿಕೊಂಡದ್ದು ಎಲ್ಲಿಗೆ ಹೋಗುತ್ತದೆ? ಅಂಥ ಕಿವಿಗಳು ನಮ್ಮ ಅಡಿಗೆಮನೆಗಳಲ್ಲಿ ತುಂಬಿವೆ. ನಮ್ಮ ದೇಶದಲ್ಲಿ ದೊಡ್ಡ ಉಸ್ತಾದರು ಧ್ವನಿಮುದ್ರಣದ ಯಂತ್ರಕ್ಕೆ ಹಾಡಲು ಹಿಂಜರಿಯುತ್ತಿದ್ದಾಗ 1902ರಲ್ಲಿ ಕಲ್ಕತ್ತೆಯಲ್ಲಿ ಧೈರ್ಯವಾಗಿ ಹಾಡಿದವರು ಗೌಹರ್ ಜಾನ್. ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ತಟ್ಟೆಗೆ ಮೊದಮೊದಲು ಹಾಡಿದವರಲ್ಲಿ ಹೆಂಗಸರಿದ್ದರು. ಆ ತಟ್ಟೆ ಹೇಗಿದೆ ಎಂದು ಹೇಳಲು ಮಾತ್ರ ನಮಗೆ ಯಾರದೋ ಅಪ್ಪಣೆ ಬೇಕೇ?

"ಹೆಂಗಸರಿಗೆ ಕೂತು ಕೇಳಲು ಪುರುಸೊತ್ತೆಲ್ಲಿ?" ಎನ್ನುತ್ತಾರೆ. ಅಕ್ಕಿ ಆರಿಸುತ್ತಲೇ ಈ ತಿಂಗಳ ಅಕ್ಕಿಗೂ ಹೋದ ತಿಂಗಳ ಅಕ್ಕಿಗೂ ವ್ಯತ್ಯಾಸ ಹೇಳುವವರು ನಾವು. ಒಗ್ಗರಣೆಯ ಸದ್ದಿನಲ್ಲೇ ಹದ ತಿಳಿಯುವವರು. ಕೈಯಲ್ಲಿ ಕೆಲಸವಿದ್ದರೆ ಕಿವಿ ಕಿವುಡಾಗುವುದಿಲ್ಲ.

ತಪ್ಪು ನಮ್ಮದೂ ಇದೆ. ಆ ಅಂಕಪಟ್ಟಿಯ ಮುಂದೆ ಕೂತ ಮೂವರೂ ಹೆಂಗಸರೇ. ಹುಡುಗಿಯ ದನಿ ಬೆಲ್ಲದ ಪಾಕದ ಹಾಗಿರಬೇಕೆಂದು ನಮಗೆ ಯಾರೋ ಕಲಿಸಿದರು, ನಾವು ಅದನ್ನು ಮಕ್ಕಳಿಗೆ ಕಲಿಸುತ್ತಿದ್ದೇವೆ. ಹದಿಮೂರು ಹದಿನಾಲ್ಕರಲ್ಲಿ ಹುಡುಗಿಯರ ದನಿಯೂ ಸ್ವಲ್ಪ ಇಳಿಯುತ್ತದೆ. ಸರಿಯಾಗಿ ಆ ವಯಸ್ಸಿಗೇ ನಾವು ಅವರನ್ನು ವೇದಿಕೆ ಹತ್ತಿಸಿ ಮಾಧುರ್ಯ ಅಳೆಯುತ್ತೇವೆ.

ಅದಕ್ಕೆ ನನ್ನ ಬೇಡಿಕೆ ಎರಡೇ. ಮಕ್ಕಳಿಗೆ ಹಾಡು ಕಲಿಸುವ ಮುಂಚೆ ಅದರ ಎರಡು ಧ್ವನಿಮುದ್ರಣಗಳನ್ನಾದರೂ ಕೇಳಿಸಿ. ಯಾವುದು ಚೆನ್ನಾಗಿದೆ ಎಂದು ಕೇಳಬೇಡಿ. ಇವರು ಮಾಡಿದ್ದರಲ್ಲಿ ಅವರು ಮಾಡದೆ ಬಿಟ್ಟದ್ದೇನು ಎಂದು ಕೇಳಿ. ಆಗ ಮಗು ತನ್ನದೇ ಮೂರನೆಯ ದಾರಿ ಹುಡುಕೀತು. ಎರಡನೆಯದು, ಅಂಕಪಟ್ಟಿಯಿಂದ ಆ ಧ್ವನಿ ಮಾಧುರ್ಯದ ಕಾಲಂ ಹೊಡೆದು ಹಾಕಿ. ಅದು ಇರುವ ಕಡೆ ನಾನಂತೂ ಇನ್ನು ತೀರ್ಪುಗಾರಳಾಗಿ ಕೂರುವುದಿಲ್ಲ.

ಆ ಹುಡುಗಿಯ ಶಾಲೆಗೆ ಪತ್ರ ಬರೆದಿದ್ದೇನೆ. ಅವಳ ಹಾಡಿನಲ್ಲಿ ತಪ್ಪಿರಲಿಲ್ಲ, ನನ್ನ ಕೇಳುವಿಕೆಯಲ್ಲಿತ್ತು, ಅವಳಿಗೆ ಓದಿ ಹೇಳಿ ಎಂದು ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅವಳು ಈಗಲೂ ಹಾಡುತ್ತಿದ್ದಾಳೋ ಇಲ್ಲವೋ, ಅದೊಂದು ತಿಳಿಯಬೇಕು ನನಗೆ.