ಬೆಸೆಯದ ಬಾಂಧವ್ಯ, ಮಿಡಿಯದ ಮನಸ್ಸು

ಘೋರ ಅಪರಾಧವೊಂದರ ಸುದ್ದಿ ಬಂದಾಗ ‘ಇವನೂ ಮನುಷ್ಯನೇ?’ ಎಂಬ ಉದ್ಗಾರ ಸಹಜವಾಗಿಯೇ ಹೊರಡುತ್ತದೆ. ಕೃತ್ಯಕ್ಕಿಂತಲೂ ಕೆಲವೊಮ್ಮೆ ಅದನ್ನೆಸಗಿದವನಲ್ಲಿ ಪಶ್ಚಾತ್ತಾಪದ ಸುಳಿವೂ ಇಲ್ಲದಿರುವುದು ನಮ್ಮನ್ನು ಹೆಚ್ಚು ಕಲಕುತ್ತದೆ. ಈ ನಿರ್ಭಾವುಕತೆಯ ಮೂಲವನ್ನು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಎಂಟು ದಶಕಗಳ ಹಿಂದೆಯೇ ಅರಸಿದ್ದರು.

ಲಂಡನ್ನಿನ ಚಿಕಿತ್ಸಾಲಯವೊಂದಕ್ಕೆ ಬಂದಿದ್ದ, ಕಳವು ಮಾಡಿದ 44 ಮಕ್ಕಳನ್ನು ಕಳವು ಮಾಡದ 44 ಮಕ್ಕಳೊಡನೆ ಹೋಲಿಸಿದ ಅವರ ಅಧ್ಯಯನ 1944ರಲ್ಲಿ ಪ್ರಕಟವಾಯಿತು. ಕಳವು ಮಾಡಿದವರಲ್ಲಿ 14 ಮಂದಿ ಯಾರಲ್ಲಿಯೂ ಮಮತೆಯಿಲ್ಲದವರಾಗಿದ್ದರು. ಅವರಲ್ಲಿ 12 ಮಂದಿ ಎಳವೆಯಲ್ಲೇ ತಾಯಿಯಿಂದ ಅಥವಾ ತಾಯಿಯಂತೆ ಸಲಹುತ್ತಿದ್ದವರಿಂದ ದೀರ್ಘಕಾಲ ಅಗಲಿದ್ದರು. ಕಳವು ಮಾಡದ ಮಕ್ಕಳ ಗುಂಪಿನಲ್ಲಿ ಹಾಗೆ ಅಗಲಿದ್ದವರು ಇಬ್ಬರು ಮಾತ್ರ.

ಪ್ರೀತಿಸುವವರ ಮನಸ್ಸು ನೊಂದೀತೆಂಬ ಅಳುಕಿನಿಂದಲೇ ಮಗುವಿನಲ್ಲಿ ತಪ್ಪಿನ ಅರಿವು ಬೇರೂರುತ್ತದೆ. ನೋಯಿಸಲು ಹಿಂಜರಿಯಬೇಕಾದ ಒಬ್ಬರೂ ಇಲ್ಲದಿದ್ದರೆ ಆ ಅಳುಕು ಹುಟ್ಟುವುದಾದರೂ ಹೇಗೆ? ಆದರೆ ಅಗಲಿಕೆಯೇ ಹಣೆಬರಹವಲ್ಲ. ಕೇವಲ ಅಗಲಿಕೆಗಿಂತ ಮನೆಯ ಕಲಹ ಮತ್ತು ಬಾಂಧವ್ಯವೇ ದೊರೆಯದಿರುವುದು ಹೆಚ್ಚು ಹಾನಿಕರವೆಂದು ಮೈಕೆಲ್ ರಟ್ಟರ್ ಮುಂದೆ ವಾದಿಸಿದರು. ಹುಟ್ಟುಗುಣವೂ ಪರಿಸರವೂ ಇದರಲ್ಲಿ ಪಾಲುದಾರರು. ತಬ್ಬಲಿಗಳಾಗಿ ಬೆಳೆದೂ ಸಜ್ಜನರಾದವರು ನಮ್ಮ ನಡುವೆಯೇ ಇದ್ದಾರೆ.

2012ರ ದೆಹಲಿ ಅತ್ಯಾಚಾರ ಪ್ರಕರಣದ ಬಳಿಕ ರೂಪುಗೊಂಡ 2015ರ ಬಾಲನ್ಯಾಯ ಕಾಯ್ದೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅದು ಅವಕಾಶ ನೀಡುತ್ತದೆ. ಅದಕ್ಕೂ ಮುನ್ನ ಬಾಲನ್ಯಾಯ ಮಂಡಳಿಯು ಆರೋಪಿಯ ಸಾಮರ್ಥ್ಯ, ಪರಿಣಾಮದ ತಿಳಿವಳಿಕೆ ಮತ್ತು ಕೃತ್ಯ ನಡೆದ ಸನ್ನಿವೇಶಗಳನ್ನು ಪರಿಶೀಲಿಸಬೇಕು. ಆದರೆ ತಪ್ಪೆಂದು ತಿಳಿಯುವುದು ಬೇರೆ, ಇನ್ನೊಬ್ಬರ ನೋವಿಗೆ ಮಿಡಿಯುವುದು ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದವನನ್ನು ಶಿಕ್ಷೆಯೊಂದೇ ತಿದ್ದಲಾರದು.

ಇದೇ ಕಾಯ್ದೆ ಪೋಷಕ ಕುಟುಂಬದ ಆರೈಕೆಗೂ ದಾರಿ ತೆರೆದಿದೆ. ಸಾರ್ವಜನಿಕ ಚರ್ಚೆ ಮಾತ್ರ ಶಿಕ್ಷೆಯ ಸುತ್ತಲೇ ಸುಳಿಯುತ್ತದೆ. ಬಾಲಮಂದಿರವಾಗಲಿ, ವಸತಿನಿಲಯವಾಗಲಿ, ಅನ್ನ ಅಕ್ಷರಗಳ ಜೊತೆಗೆ ಮಗುವನ್ನು ಹೆಸರು ಹಿಡಿದು ಕರೆಯುವ, ವರ್ಷಗಟ್ಟಲೆ ಬದಲಾಗದೆ ಜೊತೆಗಿರುವ ಒಬ್ಬ ಹಿರಿಯರು ಅಲ್ಲಿ ಬೇಕು.

ಕಾರಣವನ್ನು ಅರಿಯುವುದೆಂದರೆ ಅಪರಾಧವನ್ನು ಮನ್ನಿಸುವುದಲ್ಲ. ಸಂತ್ರಸ್ತರಿಗೆ ನ್ಯಾಯ ದೊರೆಯಲೇಬೇಕು. ಆದರೆ ನ್ಯಾಯಾಲಯ ಬರುವುದು ಅನಾಹುತದ ನಂತರ. ಅದಕ್ಕೆ ಮೊದಲಿನ ವರ್ಷಗಳು ನಮ್ಮೆಲ್ಲರ ಕೈಯಲ್ಲಿವೆ.