ಏಟು ತಡೆಯುವ ಕೈ ಒಂದೇ ಸಾಲದು

ಕಳೆದ ತಿಂಗಳು ನಮ್ಮ ಊರಿನ ಸಮುದಾಯ ಭವನದಲ್ಲಿ ಒಂದು ಸಮಾರಂಭ ನಡೆಯಿತು. ನಮ್ಮ ಸ್ವಸಹಾಯ ಸಂಘಗಳ ಇಪ್ಪತ್ತೆರಡು ಮಂದಿ ಹೆಂಗಸರು ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಮುಗಿಸಿದ್ದರು. ಅವರಲ್ಲಿ ನಾನೂ ಒಬ್ಬಳು. ಅರವತ್ತನಾಲ್ಕು ವರ್ಷದ, ಮಂಡಿನೋವಿನ, ನಿವೃತ್ತ ಉಪನ್ಯಾಸಕಿ! ಪ್ರಮಾಣಪತ್ರ ಹಂಚಲು ಬಂದಿದ್ದ ಅತಿಥಿ ಮಹಾಶಯರು ಮೈಕಿನ ಮುಂದೆ ನಿಂತು, "ಇನ್ನು ನಮ್ಮ ತಾಯಂದಿರನ್ನು ಯಾರೂ ಮುಟ್ಟುವಂತಿಲ್ಲ. ಮನೆಗೊಬ್ಬ ಓಬವ್ವ ಹುಟ್ಟಿದರೆ ವರದಕ್ಷಿಣೆ ಪಿಡುಗು ತಾನಾಗಿಯೇ ತೊಲಗುತ್ತದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಆ ಚಪ್ಪಾಳೆಗಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಲ್ಲಿ ಎದ್ದು ನಿಂತು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ನಾನು ಈ ತರಬೇತಿಯ ವಿರೋಧಿಯಲ್ಲ. "ಹೆಂಗಸರು ಕಾಲೆತ್ತಿ ಒದೆಯುವುದನ್ನು ಕಲಿತರೆ ಸಂಸಾರ ಉಳಿಯುತ್ತದೆಯೇ?" ಎಂದು ಭವನದ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಗಂಡಸು ಕಾಲೆತ್ತಿದಾಗ ಉಳಿಯುವ ಸಂಸಾರ, ಹೆಂಗಸು ಅದನ್ನು ತಡೆಯಲು ಕೈ ಎತ್ತಿದಾಗ ಮುರಿದುಬೀಳುವುದಾದರೆ ಅದು ಎಂಥ ಸಂಸಾರ?

ನಮಗೆ ಕಲಿಸಿದವಳು ಕರಾಟೆಯಲ್ಲಿ ಪಳಗಿದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕರಾಟೆ ಎಂದರೆ ಬರಿಗೈ ಎಂದು ಅರ್ಥ. ಜಪಾನಿನ ಓಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ ಅದು. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ. ಅವಳು ನಮ್ಮನ್ನು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲಿಸುತ್ತಿದ್ದಳು. ಒಬ್ಬಳು ಹೊಡೆಯಬೇಕು, ಇನ್ನೊಬ್ಬಳು ತಡೆಯಬೇಕು. ಹತ್ತು ಬಾರಿ ಆದ ಮೇಲೆ ಅದಲು ಬದಲು. ಮುಖದ ಕಡೆಗೆ ಬರುವ ಗುದ್ದನ್ನು ತಡೆಯಲು ಮುಷ್ಟಿ ಸೊಂಟದಿಂದ ಎದ್ದು, ಮುಂಗೈ ಮುಖದ ಮುಂದೆ ಹಾದು, ಹಣೆಯಿಂದ ಒಂದು ಹಿಡಿಯಷ್ಟು ಮೇಲೆ ಓರೆಯಾಗಿ ನಿಲ್ಲಬೇಕು. ಓರೆಯಾಗಿದ್ದರೆ ಏಟು ಮೂಳೆಯ ಮೇಲೆ ಕೂರದೆ ಜಾರಿಹೋಗುತ್ತದೆ. ಒಂದು ಕೈ ಮೇಲೇಳುವಾಗ ಇನ್ನೊಂದು ಕೈ ಸೊಂಟಕ್ಕೆ ಸರಿದು ಮರು ಹೊಡೆತಕ್ಕೆ ಸಿದ್ಧವಾಗಿರಬೇಕು. ಒದೆಯುವಾಗ ಮೊದಲು ಮಂಡಿ ಮೇಲೇಳಬೇಕು, ಆಮೇಲೆ ಪಾದ ಮುಂದಕ್ಕೆ ಚಿಮ್ಮಬೇಕು, ಬೆರಳುಗಳನ್ನು ಹಿಂದಕ್ಕೆ ಮಡಚಿ ಪಾದದ ಮುಂಭಾಗ ತಗಲಿಸಬೇಕು, ತಗಲಿದ ಕ್ಷಣವೇ ಹಿಂದೆಗೆಯಬೇಕು. ಇಲ್ಲವಾದರೆ ಎದುರಿನವರು ಕಾಲು ಹಿಡಿದು ಕೆಡವುತ್ತಾರೆ. ನನ್ನ ಕಾಲು ಎದುರಿನವರ ಮಂಡಿಯವರೆಗೆ ಮಾತ್ರ ಏಳುತ್ತಿತ್ತು. "ಅಷ್ಟು ಸಾಕು ಮೇಡಂ, ಮಂಡಿಗೇ ಒದೆಯಿರಿ" ಎಂದಳು ಶಿಕ್ಷಕಿ. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ಮನೆ ಎಳೆದಾಡಬಾರದು, ಅವರ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಬಿಡಿಸಿಕೊಳ್ಳಬೇಕು. ಹಿಡಿತ ಸಡಿಲ ಇರುವುದೇ ಅಲ್ಲಿ. ಇದನ್ನು ನೀವು ಇವತ್ತೇ ಪಕ್ಕದ ಮನೆಯವಳ ಜೊತೆ ನಿಂತು ಮಾಡಿ ನೋಡಬಹುದು.

ನನಗೆ ಜೋಡಿಯಾಗಿ ಸಿಕ್ಕವಳು ನಮ್ಮ ಸಂಘದ ಒಬ್ಬ ಹೊಲಿಗೆಯವಳು. ಮೊದಲ ದಿನ ನಾನು ನಿಧಾನವಾಗಿ, ಬಹಳ ನಿಧಾನವಾಗಿ, ಅವಳ ಮುಖದತ್ತ ಮುಷ್ಟಿ ಚಾಚಿದೆ. ಅವಳು ತಡೆಯಲಿಲ್ಲ. ಕಣ್ಣು ಮುಚ್ಚಿ, ಎರಡೂ ಕೈಗಳಿಂದ ತಲೆಯನ್ನು ತಬ್ಬಿಕೊಂಡು, ಗೋಡೆಯ ಕಡೆ ತಿರುಗಿ ಕುಗ್ಗಿಬಿಟ್ಟಳು. ಸುತ್ತ ಇದ್ದ ಎಲ್ಲರೂ ಸುಮ್ಮನಾದರು. ಯಾಕೆಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಇದು ಮೊದಲಿಂದ ಅಭ್ಯಾಸ ಆಗೋಗಿದೆ ಮೇಡಂ" ಎಂದಳು.

ಗೆಳತಿಯರೇ, ಈ ಮಾತನ್ನು ಗಮನಿಸಿ. ಅಭ್ಯಾಸವಿಲ್ಲದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ತಗ್ಗಿ ನಡೆ, ಮೆಲ್ಲಗೆ ಮಾತಾಡು, ಎದುರಾಡಬೇಡ ಎಂದು ಹುಟ್ಟಿದಂದಿನಿಂದ ನಮಗೆ ತರಬೇತಿ ನಡೆದೇ ಇದೆ. ಅದಕ್ಕೆ ಪ್ರಮಾಣಪತ್ರವಿಲ್ಲ, ಅಷ್ಟೆ. ಆ ತರಬೇತಿಯನ್ನು ಕೊಟ್ಟವರಲ್ಲಿ ನಾನೂ ಇದ್ದೇನೆ. 1987ರಲ್ಲಿ, ನಾನು ಆಗಷ್ಟೇ ಕೆಲಸಕ್ಕೆ ಸೇರಿದ ದಿನಗಳಲ್ಲಿ, ಬಿ.ಎ. ಓದುತ್ತಿದ್ದಾಗಲೇ ಮದುವೆಯಾದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದಿದ್ದಳು. ಕೆನ್ನೆ ಊದಿಕೊಂಡಿತ್ತು. ಸ್ಕೂಟರಿನ ಹಣ ಬಾಕಿ ಇದೆ ಎಂದು ಅತ್ತೆಯ ಮನೆಯಲ್ಲಿ ಪೀಡಿಸುತ್ತಿದ್ದಾರೆ ಎಂದಳು. ಎಂ.ಎ. ಓದಿದ್ದ ನಾನು ಅವಳಿಗೆ ಕೊಟ್ಟ ಸಲಹೆ: "ಸ್ವಲ್ಪ ದಿನ ಹೊಂದಿಕೊಂಡು ಹೋಗಮ್ಮ." ಆ ವರ್ಷ ಮುಗಿಯುವುದರೊಳಗೆ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಸ್ಟೌವ್ ಸಿಡಿದು ಗೃಹಿಣಿ ಸಾವು. ಆ ಕಾಲದ ಸ್ಟೌವ್‌ಗಳು ಸೊಸೆಯರು ಹಚ್ಚಿದಾಗ ಮಾತ್ರ ಸಿಡಿಯುತ್ತಿದ್ದವು, ಅತ್ತೆಯರು ಹಚ್ಚಿದಾಗ ಸಿಡಿಯುತ್ತಿರಲಿಲ್ಲ! 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ ಇಂಥ 'ಆಕಸ್ಮಿಕ'ಗಳ ಬಗ್ಗೆ ಪ್ರಶ್ನೆ ಎತ್ತಿದರು. ನಾನು ಮಾತ್ರ ನನ್ನ ಸ್ಟಾಫ್ ರೂಮಿನಲ್ಲಿ ಪಾಠದ ಟಿಪ್ಪಣಿ ಬರೆಯುತ್ತಾ ಕುಳಿತಿದ್ದೆ.

ಈಗ ಅತಿಥಿ ಮಹಾಶಯರ ಮಾತಿಗೆ ಬರೋಣ. ಆ ಹುಡುಗಿಗೆ ಕರಾಟೆ ಗೊತ್ತಿದ್ದರೆ ಬದುಕುತ್ತಿದ್ದಳೇ?

ನಮ್ಮ ತರಬೇತಿಯಲ್ಲಿ ಮೂರು ನಿಯಮಗಳಿದ್ದವು. ಹೊಡೆಯುವವಳು ಮೊದಲು ಬಾಗಿ ವಂದಿಸಿ, ಎಲ್ಲಿಗೆ ಹೊಡೆಯುತ್ತೇನೆಂದು ಹೇಳಬೇಕು. ಏಟು ಮೈಗೆ ತಗಲುವ ಒಂದು ಅಂಗುಲ ಮೊದಲೇ ನಿಲ್ಲಬೇಕು. ಎದುರಿನವಳು "ಸಾಕು" ಎಂದರೆ ಆ ಕ್ಷಣವೇ ಕೈ ಇಳಿಸಬೇಕು. ಮನೆಯೊಳಗೆ ಹೊಡೆಯುವವನು ಹೇಳಿ ಹೊಡೆಯುವುದಿಲ್ಲ. ನಾವು ಒಲೆಯ ಮುಂದೆ ಇರುವಾಗ, ಮಗುವಿಗೆ ಹಾಲು ಕೊಡುವಾಗ, ಬಸುರಿಯಾಗಿರುವಾಗ, ನಿದ್ದೆಯಲ್ಲಿರುವಾಗ ಹೊಡೆಯುತ್ತಾನೆ. ಅನೇಕ ಬಾರಿ ಅವನೊಬ್ಬನೇ ಇರುವುದೂ ಇಲ್ಲ. ಬಾಗಿಲು ಹಾಕುವವರು ಇನ್ನೊಬ್ಬರು, ಬಾಯಿ ಮುಚ್ಚುವವರು ಮತ್ತೊಬ್ಬರು. ಅಕಸ್ಮಾತ್ ಅವಳು ಒಂದು ಏಟು ತಡೆದಳು, ಒಂದು ಏಟು ಕೊಟ್ಟಳು ಎಂದೇ ಇಟ್ಟುಕೊಳ್ಳಿ. ಆ ರಾತ್ರಿ ಎಲ್ಲಿ ಮಲಗುತ್ತಾಳೆ? ಮರುದಿನ ಯಾರ ದುಡ್ಡಿನಲ್ಲಿ ಬಸ್ಸು ಹತ್ತುತ್ತಾಳೆ? ತವರಿನವರು "ಗಂಡನಿಗೇ ಹೊಡೆದು ಬಂದಳು" ಎಂದು ಬಾಗಿಲು ತೆರೆಯದಿದ್ದರೆ?

ಓಬವ್ವನನ್ನು ನಾನು ಕೈಮುಗಿದು ಸ್ಮರಿಸುತ್ತೇನೆ. ಆದರೆ ಓಬವ್ವನ ಶತ್ರು ಚಿತ್ರದುರ್ಗದ ಕೋಟೆಯ ಕಿಂಡಿಯಿಂದ ಕಳ್ಳನಂತೆ ನುಸುಳಿ ಬಂದ ಹೈದರಾಲಿಯ ಸೈನಿಕ. ವರದಕ್ಷಿಣೆ ಕೇಳುವವನು ಕಿಂಡಿಯಿಂದ ಬರುವುದಿಲ್ಲ. ನಾವೇ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಓಲಗ ಊದಿಸಿ, ಕಾಲು ತೊಳೆದು ಅವನನ್ನು ಕರೆತರುತ್ತೇವೆ.

ಹಾಗಾದರೆ ತರಬೇತಿ ವ್ಯರ್ಥವೇ? ಅಲ್ಲ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಕೆನಡಾ ದೇಶದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ 12 ಗಂಟೆಗಳ ತರಬೇತಿ, ಉಳಿದವರಿಗೆ ಬರೀ ಮಾಹಿತಿಯ ಕರಪತ್ರ. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 10, ತರಬೇತಿ ಪಡೆದವರಲ್ಲಿ ಸುಮಾರು 5. ಅಲ್ಲಿ ಕಲಿಸಿದ್ದು ಗುದ್ದು ಒದೆಗಳನ್ನಷ್ಟೇ ಅಲ್ಲ. ಪರಿಚಿತ ಗಂಡಸಿನಿಂದ ಬರುವ ಅಪಾಯವನ್ನು ಬೇಗ ಗುರುತಿಸುವುದು, 'ಅವನಿಗೆ ಬೇಸರವಾದೀತು' ಎಂಬ ಸಂಕೋಚವನ್ನು ಮೀರಿ ಗಟ್ಟಿಯಾಗಿ ಬೇಡ ಎನ್ನುವುದು, ಇವೂ ಪಾಠಗಳಾಗಿದ್ದವು. ನಮ್ಮ ತರಬೇತಿಯಲ್ಲೂ ಎಲ್ಲಕ್ಕಿಂತ ಕಷ್ಟವಾಗಿದ್ದು ಕೂಗು. ಹೊಡೆಯುವಾಗ ಹೊಟ್ಟೆಯಿಂದ ಕೂಗಬೇಕು. ಇಪ್ಪತ್ತೆರಡು ಹೆಂಗಸರಲ್ಲಿ ಮೊದಲ ವಾರ ಒಬ್ಬಳಿಗೂ ದನಿ ಹೊರಡಲಿಲ್ಲ!

ಆ ದನಿಯ ಬೆಲೆ ಎಷ್ಟೆಂದು ತಿಳಿಯಬೇಕೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ 29. ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಹಿಂಸೆಗೆ ಒಳಗಾದ ಹೆಂಗಸರಲ್ಲಿ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,450.

ಇನ್ನೊಂದು ಹಳೆಯ ಉದಾಹರಣೆ ಕೇಳಿ. ಇಂಗ್ಲೆಂಡಿನಲ್ಲಿ ಹೆಂಗಸರು ಮತದಾನದ ಹಕ್ಕಿಗೆ ಹೋರಾಡುತ್ತಿದ್ದಾಗ ಈಡಿತ್ ಗ್ಯಾರಡ್ ಎಂಬಾಕೆ ಅವರಿಗೆ ಜುಜುತ್ಸು ಕಲಿಸಿದಳು. ಐದಡಿಯೂ ಇಲ್ಲದ ಹೆಂಗಸು! ನಾಯಕಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್‌ಳನ್ನು ಪೊಲೀಸರು ಮತ್ತೆ ಮತ್ತೆ ಬಂಧಿಸದಂತೆ ಕಾಯಲು 1913ರಲ್ಲಿ ಒಂದು ಕಾವಲು ಪಡೆಯೇ ಸಿದ್ಧವಾಯಿತು. ಆದರೆ ಅವರು ಜುಜುತ್ಸು ಕಲಿತು ಮನೆಯಲ್ಲಿ ಕೂರಲಿಲ್ಲ. ಅವರ ಪಟ್ಟು ಬೀದಿಯಲ್ಲಿತ್ತು, ಗುಂಪಿನಲ್ಲಿತ್ತು, ಬೇಡಿಕೆ ಕಾನೂನಿನ ಬದಲಾವಣೆಯಾಗಿತ್ತು.

ನಮ್ಮಲ್ಲಿ ಕಾನೂನು ಇದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಇದೆ. 1983ರಲ್ಲಿ ದಂಡ ಸಂಹಿತೆಗೆ ಸೇರಿದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿ ಮುಂದುವರಿದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಹೆಂಗಸು ತಾನಿರುವ ಮನೆಯಲ್ಲೇ ಇರುವ ಹಕ್ಕು ಕೇಳಬಹುದು, ರಕ್ಷಣಾ ಆದೇಶ ಕೇಳಬಹುದು. ಅರ್ಜಿ ಕೊಟ್ಟ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಆ ಮೂರು ದಿನ ಎಷ್ಟು ತಿಂಗಳಾಗುತ್ತದೆ ಎಂಬುದನ್ನು ನಮ್ಮ ಸಂಘದ ಜೊತೆ ಕೋರ್ಟಿಗೆ ಅಲೆದವರನ್ನು ಕೇಳಿ. ವೇದಿಕೆಯ ಮೇಲಿದ್ದ ಅಧಿಕಾರಿಗಳಿಗೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೇ: ನೀವು ಮಾಡಬೇಕಾದ ತಡೆಯನ್ನು ನಮ್ಮ ಮುಂಗೈಗೆ ಯಾಕೆ ವರ್ಗಾಯಿಸುತ್ತಿದ್ದೀರಿ? ಶಾಲೆಯ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವ ಸರ್ಕಾರಿ ಯೋಜನೆ ಇದೆ, ಒಳ್ಳೆಯದೇ. "ಸಾಕು" ಎಂದಾಗ ಕೈ ಇಳಿಸಬೇಕೆಂಬ ಪಾಠವನ್ನು ಗಂಡುಮಕ್ಕಳಿಗೆ ಯಾರು ಕಲಿಸುತ್ತಿದ್ದಾರೆ?

ಅಧಿಕಾರಿಗಳನ್ನು ಬೈದು ಇಲ್ಲಿಗೇ ನಿಲ್ಲಿಸಿದರೆ ನನಗೆ ಸುಲಭ. ಆದರೆ ಕರಾಟೆಯ ಪಾಠಗಳು ಆರಂಭವಾಗುವುದು ತಡೆಯಿಂದ. ಮೊದಲ ತಡೆ ಎಲ್ಲಿರಬೇಕು ಎಂದು ಯೋಚಿಸುತ್ತಾ ನಾನು ನಮ್ಮ ಸಂಘದ ಸಾಲದ ಪುಸ್ತಕ ತೆಗೆದು ಕುಳಿತೆ. ಲೆಕ್ಕ ನೋಡಿ ಸಹಿ ಹಾಕುವವಳು ನಾನೇ. ಹಸು, ಹೊಲಿಗೆ ಯಂತ್ರ, ಫೀಸು, ಆಸ್ಪತ್ರೆ. ನಡುನಡುವೆ 'ಮಗಳ ಮದುವೆ ಖರ್ಚು'. ಆ ಖರ್ಚು ಯಾವುದೆಂದು ನಮಗೆ ಗೊತ್ತಿಲ್ಲವೇ? ಅಳಿಯನ ಬೈಕು, ಅಳಿಯನ ಉಂಗುರ, ಕೈಗೆ ಕೊಡುವ ನಗದು. ಹತ್ತು ಹತ್ತು ರೂಪಾಯಿ ಕೂಡಿಸಿದ ಉಳಿತಾಯವನ್ನು ನಾವೇ ವರದಕ್ಷಿಣೆಗೆ ಸಾಲ ಕೊಟ್ಟು, ಬಡ್ಡಿಯನ್ನೂ ವಸೂಲು ಮಾಡಿದ್ದೇವೆ. ವರದಕ್ಷಿಣೆ ಕೇಳುವುದು ಮಾತ್ರವಲ್ಲ, ಕೊಡುವುದೂ ಆ ಕಾಯ್ದೆಯಲ್ಲಿ ಅಪರಾಧ. ಮಂಗಳವಾರ ಸಾಲಕ್ಕೆ ಸಹಿ ಹಾಕಿ, ಶನಿವಾರ ಭವನದಲ್ಲಿ ಮುಷ್ಟಿ ಬಿಗಿದು ನಿಂತರೆ ನಾವು ಯಾರನ್ನು ಮೋಸ ಮಾಡುತ್ತಿದ್ದೇವೆ?

ಆದ್ದರಿಂದ ನನ್ನ ಒತ್ತಾಯಗಳು ಇವು. ಒಂದು, ವರದಕ್ಷಿಣೆಗೆಂದು ತಿಳಿದೂ ನಮ್ಮ ಯಾವ ಸಂಘವೂ ಒಂದು ರೂಪಾಯಿ ಸಾಲ ಕೊಡಬಾರದು. ಠರಾವು ಬರೆದು ಎಲ್ಲರೂ ಸಹಿ ಹಾಕಬೇಕು. ಎರಡು, ಏಟು ತಿಂದು ರಾತ್ರಿ ಮನೆ ಬಿಡಬೇಕಾದವಳಿಗೆ ಕೇಳಿದ ಕೂಡಲೇ, ಬಡ್ಡಿಯಿಲ್ಲದೆ ಸಿಗುವ ಒಂದು ಪುಟ್ಟ ನಿಧಿ ಇರಬೇಕು. ಮೂರು, ಭವನದಲ್ಲಿ ಇದ್ದ ಜೋಡಿ ಬೀದಿಯಲ್ಲೂ ಇರಬೇಕು. ಪ್ರತಿ ಸದಸ್ಯೆಗೆ ಒಬ್ಬ ಜೋಡಿ. ಕೂಗು ಕೇಳಿದರೆ ಬಾಗಿಲು ತಟ್ಟುವವಳು, ಇನ್ನಿಬ್ಬರನ್ನು ಕರೆತರುವವಳು, ನಾಳೆ ಸಾಕ್ಷಿ ಹೇಳುವವಳು. 112 ಮತ್ತು 181 ಸಂಖ್ಯೆಗಳು, ತಾಲ್ಲೂಕಿನ ಸಂರಕ್ಷಣಾಧಿಕಾರಿಯ ದೂರವಾಣಿ ಅವಳ ಬಾಯಲ್ಲೇ ಇರಬೇಕು. ನಾಲ್ಕು, ತರಬೇತಿ ನಿಲ್ಲಬಾರದು.

ನಿಲ್ಲಬಾರದು ಏಕೆಂದರೆ ನಾನು ಕಣ್ಣಾರೆ ಕಂಡಿದ್ದೇನೆ. ಹತ್ತನೆಯ ವಾರದ ಹೊತ್ತಿಗೆ ನನ್ನ ಜೋಡಿ ಗೋಡೆಯ ಕಡೆ ತಿರುಗುವುದನ್ನು ಬಿಟ್ಟಿದ್ದಳು. ಕೊನೆಯ ದಿನ ಕಣ್ಣು ತೆರೆದು, ನನ್ನ ಮುಖ ನೋಡುತ್ತಾ ನಿಂತು, "ಇವತ್ತು ಜೋರಾಗಿ ಬಿಡಿ ಮೇಡಂ" ಎಂದಳು. ಬಿಟ್ಟೆ. ಅವಳ ಮುಂಗೈ ಹಣೆಯ ಮೇಲೆ ಓರೆಯಾಗಿ ಎದ್ದು ನಿಂತಿತು; ನನ್ನ ಮಣಿಕಟ್ಟು ಎರಡು ದಿನ ನೋಯುತ್ತಿತ್ತು. ಹೊರಡುವಾಗ ಅವಳು ತನ್ನ ಮದುವೆಯ ಪತ್ರಿಕೆ, ಆಸ್ಪತ್ರೆಯ ಚೀಟಿಗಳು, ಬ್ಯಾಂಕಿನ ಪುಸ್ತಕ ಇದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿಟ್ಟು, "ಇದು ನಿಮ್ಮ ಮನೇಲಿ ಇರಲಿ" ಎಂದಳು. ಈಗ ಅದು ನನ್ನ ಬೀರುವಿನಲ್ಲಿದೆ.

ಮುಂದಿನ ಮಂಗಳವಾರದ ಸಭೆಗೆ ನಾನು ಸಾಲದ ಪುಸ್ತಕ ಹಿಡಿದು ಬರುತ್ತೇನೆ. ನೀವೂ ನಿಮ್ಮ ನಿಮ್ಮ ಸಂಘದ ಪುಸ್ತಕ ತೆರೆಯಿರಿ.